ಭಾನುವಾರ ರಾತ್ರಿ ನಿಮ್ಮ ಕಾಲೇಜು ಎಷ್ಟು ಕರೆಂಟ್ ತಿನ್ನುತ್ತದೆ?

ಪ್ರಶ್ನೆ: ನಮ್ಮದು ತಾಲೂಕು ಕೇಂದ್ರದಲ್ಲಿರುವ ಒಂದು ಇಂಜಿನಿಯರಿಂಗ್ ಕಾಲೇಜು. ಮೂರು ಬ್ಲಾಕ್, ಒಂದು ಹಾಸ್ಟೆಲ್. ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್, ಕಾಂಟ್ರಾಕ್ಟ್ ಡಿಮ್ಯಾಂಡ್, ಅಂದರೆ ಒಪ್ಪಂದದಲ್ಲಿ ಬರೆದ ಗರಿಷ್ಠ ಲೋಡ್, 200 ಕೆವಿಎ. ತಿಂಗಳಿಗೆ ಸುಮಾರು 38 ಸಾವಿರ ಯೂನಿಟ್ ಓಡುತ್ತದೆ, ಬಿಲ್ 4 ಲಕ್ಷದ ಹತ್ತಿರ. ಎರಡು ವರ್ಷದ ಹಿಂದೆ 900 ಟ್ಯೂಬ್‌ಲೈಟ್ ತೆಗೆಸಿ ಎಲ್ಇಡಿ ಹಾಕಿಸಿದೆವು. ಬಿಲ್ ಇಳಿಯಲೇ ಇಲ್ಲ. ಈಗ ಸೋಲಾರ್‌ನವರು ಬಂದು 150 ಕಿಲೋವ್ಯಾಟ್ ಹಾಕಿಸಿ, ಬಿಲ್ ಸೊನ್ನೆ ಆಗುತ್ತದೆ ಅನ್ನುತ್ತಿದ್ದಾರೆ. ಹಾಕಿಸೋಣವೇ? ಮುಂದಿನ ವರ್ಷ ಹೊಸ ಲೈಬ್ರರಿ ಬ್ಲಾಕ್ ಕಟ್ಟುವ ಯೋಚನೆಯೂ ಇದೆ. ಮುಂಭಾಗ ಪೂರ್ತಿ ಗಾಜು.

ಉತ್ತರ: ಸರ್, ಸೋಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಈ ತಿಂಗಳು ಸಹಿ ಹಾಕಬೇಡಿ. ಅದಕ್ಕೂ ಮೊದಲು ಒಂದು ಪೈಸೆ ಖರ್ಚಿಲ್ಲದ ಕೆಲಸ ಒಂದಿದೆ.

ಶನಿವಾರ ರಾತ್ರಿ 10 ಗಂಟೆಗೆ ನಿಮ್ಮ ಎಲೆಕ್ಟ್ರಿಷಿಯನ್ ಕೈಲಿ ಮೀಟರ್ ರೀಡಿಂಗ್ ಬರೆಸಿ. ಭಾನುವಾರ ಬೆಳಗಿನ ಜಾವ 5ಕ್ಕೆ ಇನ್ನೊಂದು. ಭಾನುವಾರ ರಾತ್ರಿ 10ಕ್ಕೆ ಮತ್ತು ಸೋಮವಾರ ಬೆಳಗಿನ ಜಾವ 5ಕ್ಕೆ ಮತ್ತೆರಡು. ಮೊಬೈಲ್‌ನಲ್ಲಿ ಫೋಟೋ ತೆಗೆದರೂ ಸಾಕು, ಟೈಮ್ ಅದರಲ್ಲೇ ಬರುತ್ತದೆ. ಒಂದು ವಿಷಯ ನೆನಪಿರಲಿ. ಎಚ್‌ಟಿ ಮೀಟರ್‌ನಲ್ಲಿ ಕಾಣುವ ಅಂಕಿಯನ್ನು ಹಾಗೇ ಕಳೆದರೆ ಆಗಲ್ಲ, ಅದನ್ನು ಎಂಎಫ್‌ನಿಂದ, ಅಂದರೆ ಮಲ್ಟಿಪ್ಲೈಯಿಂಗ್ ಫ್ಯಾಕ್ಟರ್‌ನಿಂದ ಗುಣಿಸಬೇಕು. ಅದು ಎಷ್ಟು ಅಂತ ಬಿಲ್‌ನಲ್ಲೇ ಇರುತ್ತದೆ. ಇದನ್ನು ಮರೆತು "ನಮ್ಮದು ರಾತ್ರಿಗೆ ಬರೀ ಮೂರು ಯೂನಿಟ್ ಸರ್" ಅಂತ ಖುಷಿಯಿಂದ ಫೋನ್ ಮಾಡಿದವರಿದ್ದಾರೆ.

ಈಗ ಲೆಕ್ಕ. ಆ 7 ಗಂಟೆಯಲ್ಲಿ 126 ಯೂನಿಟ್ ಓಡಿದೆ ಅಂದುಕೊಳ್ಳಿ. ಗಂಟೆಗೆ 18 ಯೂನಿಟ್ ಆಯಿತು. ಅಂದರೆ ಬ್ಲಾಕ್‌ಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಇಲ್ಲದ, ಒಂದು ಕ್ಲಾಸೂ ನಡೆಯದ ಹೊತ್ತಿನಲ್ಲಿ ನಿಮ್ಮ ಕ್ಯಾಂಪಸ್ 18 ಕಿಲೋವ್ಯಾಟ್ ಎಳೆಯುತ್ತಿದೆ. ಇದು ಹಗಲು ರಾತ್ರಿ ಕೆಳಗಿಳಿಯದ ಲೋಡ್. ದಿನಕ್ಕೆ 432 ಯೂನಿಟ್, ತಿಂಗಳಿಗೆ 12,960. ನಿಮ್ಮ 38 ಸಾವಿರದಲ್ಲಿ ಮೂರರಲ್ಲೊಂದು ಪಾಲು! 18 ಅನ್ನುವುದು ನಾನು ಉದಾಹರಣೆಗೆ ಹಿಡಿದ ಅಂಕಿ, ನಿಮ್ಮದು 9 ಇರಬಹುದು, 25 ಇರಬಹುದು. ಆದರೆ ನೀವು ಬರೆದ ಪತ್ರದಲ್ಲಿ ಈ ಅಂಕಿ ಇಲ್ಲ. ಇದು ಗೊತ್ತಿಲ್ಲದೆ ಬೇರೆ ಯಾವ ಲೆಕ್ಕ ಹಾಕಿದರೂ ಕತ್ತಲಲ್ಲಿ ಕೈ ಆಡಿಸಿದಂತೆ. ಹಾಸ್ಟೆಲ್‌ಗೆ ಬೇರೆ ಸಬ್‌ಮೀಟರ್ ಇದ್ದರೆ ಅದರ ರೀಡಿಂಗ್ ಕಳೆಯಿರಿ, ಹುಡುಗರು ಮಲಗುವಾಗ ಫ್ಯಾನ್ ಹಾಕಿಕೊಳ್ಳುವುದು ತಪ್ಪಲ್ಲ. ಇಲ್ಲದಿದ್ದರೆ ಹಾಸ್ಟೆಲ್ ಖಾಲಿ ಇರುವ ರಜೆಯಲ್ಲಿ ಇನ್ನೊಂದು ಸಲ ನೋಡಿ.

ಇದು ಎಲ್ಲಿಂದ ಬರುತ್ತದೆ ಅಂತ ಕೇಳುತ್ತೀರಿ. ಕೆಲವು ವರ್ಷದ ಹಿಂದೆ ನಿಮ್ಮಂಥದ್ದೇ ಒಂದು ಕಾಲೇಜಿಗೆ ಕರೆಂಟ್ ಬಳಕೆಯ ಆಡಿಟ್‌ಗೆ ಹೋಗಿದ್ದೆ. ಹಗಲು ಎರಡು ದಿನ ಸುತ್ತಿ ಪಟ್ಟಿ ಮಾಡಿದರೂ ಲೆಕ್ಕ ಕೂಡಲಿಲ್ಲ. ಕೊನೆಗೆ ಭಾನುವಾರ ರಾತ್ರಿ ವಾಚ್‌ಮನ್ ಜೊತೆ ಟಾರ್ಚ್ ಹಿಡಿದು ಹೊರಟೆ. ಹಗಲಲ್ಲಿ ಗಲಾಟೆ ಇರುತ್ತದೆ, ಏನೂ ಕೇಳಿಸಲ್ಲ. ರಾತ್ರಿ ಕಟ್ಟಡ ತಾನಾಗಿ ಮಾತಾಡುತ್ತದೆ. ಪ್ರತಿ ಮಹಡಿಯ ಮೂಲೆಯಲ್ಲೂ ವಾಟರ್ ಕೂಲರ್ ಗುರ್ ಅನ್ನುತ್ತಿತ್ತು, ಸೋಮವಾರ ಬೆಳಿಗ್ಗೆವರೆಗೆ ಯಾರೂ ಕುಡಿಯದ ನೀರನ್ನು ತಣ್ಣಗೆ ಇಡಲು. ಕಂಪ್ಯೂಟರ್ ಲ್ಯಾಬ್ ಬೀಗ ತೆಗೆದ ಕೂಡಲೇ ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಎಸಿ 18 ಡಿಗ್ರಿಯಲ್ಲಿ ಓಡುತ್ತಿತ್ತು. ಮಾನಿಟರ್‌ಗಳೆಲ್ಲ ಕಪ್ಪಗಿದ್ದವು, ಆದರೆ ಮೇಜಿನ ಕೆಳಗೆ 60 ಸಿಪಿಯುಗಳ ಪುಟ್ಟ ದೀಪ ಸಾಲಾಗಿ ಮಿನುಗುತ್ತಿತ್ತು. ಒಂದಕ್ಕೆ 50 ವ್ಯಾಟ್ ಅಂದರೂ ಅಲ್ಲೇ 3 ಕಿಲೋವ್ಯಾಟ್, ಅವುಗಳ ಶಾಖ ಹೊರಹಾಕಲು ಮತ್ತೆ ಎಸಿ. ಮಾರನೇ ದಿನ ಕೇಳಿದರೆ ಲ್ಯಾಬ್ ಅಸಿಸ್ಟೆಂಟ್ "ಅಪ್‌ಡೇಟ್ ಆಗಲಿ ಅಂತ ಬಿಟ್ಟಿದ್ದೆ ಸರ್" ಅಂದರು. ಯಾವತ್ತಿನಿಂದ ಅಂತ ಅವರಿಗೂ ನೆನಪಿರಲಿಲ್ಲ.

ಹಿಂದಿನ ಬ್ಲಾಕ್ ಹತ್ತಿರ ನೀರು ಬೀಳುವ ಸದ್ದು. ಓವರ್‌ಹೆಡ್ ಟ್ಯಾಂಕ್ ತುಂಬಿ ಓವರ್‌ಫ್ಲೋ ಪೈಪಿನಿಂದ ಸುರಿಯುತ್ತಿದೆ, ಗೋಡೆ ಪೂರ್ತಿ ಹಸಿರು ಪಾಚಿ. ಟ್ಯಾಂಕ್ ತುಂಬಿದಾಗ ಮೋಟರ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಕೆಟ್ಟಿದೆ, ಯಾರೋ ಅದನ್ನು ಬೈಪಾಸ್ ಮಾಡಿ ಮೋಟರ್ ಡೈರೆಕ್ಟ್ ಕೊಟ್ಟಿದ್ದಾರೆ. ವಾಚ್‌ಮನ್‌ಗೆ ಆಶ್ಚರ್ಯವೇ ಇಲ್ಲ. "ಅದು ಯಾವಾಗ್ಲೂ ಹಂಗೇ ಸಾ. ನೀರಿನ ಸದ್ದು ನಿಂತ್ರೆ ನಂಗೆ ಎಚ್ಚರ ಆಗುತ್ತೆ" ಅಂದ.

ಆ ಕಾಲೇಜಿನಲ್ಲಿ ನಾವು ಮೊದಲು ಕೊಂಡದ್ದು ಒಂದು ಫ್ಲೋಟ್ ಸ್ವಿಚ್ ಮತ್ತು ಕೂಲರ್‌ಗಳಿಗೆ ಒಂದೊಂದು ಟೈಮರ್. ಲ್ಯಾಬ್ ಕಂಪ್ಯೂಟರ್‌ಗಳು ಸಂಜೆ 6ಕ್ಕೆ ತಾವೇ ಆಫ್ ಆಗುವ ಹಾಗೆ ಅಲ್ಲಿನ ವಿದ್ಯಾರ್ಥಿಗಳೇ ಒಂದು ಗಂಟೆಯಲ್ಲಿ ಮಾಡಿಕೊಟ್ಟರು. ವಾಚ್‌ಮನ್‌ನ ಕೀ ಬಂಚಿಗೆ ಒಂದು ಚೀಟಿ ಕಟ್ಟಿದೆವು. ಬೀಗ ಹಾಕುವ ಮುಂಚೆ ಯಾವ ಕೋಣೆಯಲ್ಲಿ ಯಾವ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಕೆಳಗಿರಬೇಕು ಅಂತ ಅದರಲ್ಲಿ ಕನ್ನಡದಲ್ಲಿ ಬರೆದಿತ್ತು. ನೀವೂ ಇಷ್ಟರಿಂದ ಶುರು ಮಾಡಿ. ಇನ್ನೆರಡು ಕಡೆ ಕಣ್ಣಾಡಿಸಿ. ಒಂದು, ಹಳೇ ದೊಡ್ಡ ಯುಪಿಎಸ್‌ಗಳು. 20 ಕೆವಿಎ ಯುಪಿಎಸ್ ಮೇಲೆ 2 ಕಿಲೋವ್ಯಾಟ್ ಲೋಡ್ ಇದ್ದರೆ ಅದು ಸುಮ್ನೆ ಬಿಸಿಯಾಗುತ್ತಾ ಕೂತಿರುತ್ತದೆ. ಇನ್ನೊಂದು, ನಿಮ್ಮದೇ ಟ್ರಾನ್ಸ್‌ಫಾರ್ಮರ್. ಲೋಡ್ ಇರಲಿ ಬಿಡಲಿ ಅದರ ಕೋರ್ ಲಾಸ್, ಅಂದರೆ ಒಳಗಿನ ಕಬ್ಬಿಣದಲ್ಲೇ ಬಿಸಿಯಾಗಿ ಹೋಗುವ ಕರೆಂಟ್, 24 ಗಂಟೆಯೂ ಓಡುತ್ತದೆ. ಅದನ್ನು ಈಗ ಏನೂ ಮಾಡಲಾಗುವುದಿಲ್ಲ, ಮುಂದೆ ಬದಲಾಯಿಸುವಾಗ ಸ್ಟಾರ್ ಲೇಬಲ್ ನೋಡಿ ತಗೊಳ್ಳಿ.

ಎಲ್ಇಡಿ ವಿಷಯಕ್ಕೆ ಬರೋಣ. ನಿಮಗೆ ಯಾರೂ ಮೋಸ ಮಾಡಿಲ್ಲ. ಹಳೇ ಟ್ಯೂಬ್‌ಲೈಟ್, ಅದರ ಕಾಪರ್ ಚೋಕ್ ಸೇರಿ ಸುಮಾರು 50 ವ್ಯಾಟ್. ಎಲ್ಇಡಿ 20. ಒಂದಕ್ಕೆ 30 ವ್ಯಾಟ್ ಉಳಿತಾಯ, 900ಕ್ಕೆ 27 ಕಿಲೋವ್ಯಾಟ್. ಕೇಳಲು ದೊಡ್ಡದು. ಆದರೆ ಹಗಲು ನಡೆಯುವ ಕಾಲೇಜಿನಲ್ಲಿ 900 ಲೈಟೂ ಒಟ್ಟಿಗೆ ಎಲ್ಲಿ ಉರಿಯುತ್ತವೆ? ಅರ್ಧ ಉರಿದವು, ದಿನಕ್ಕೆ 4 ಗಂಟೆ, ತಿಂಗಳಿಗೆ 22 ದಿನ ಅಂತ ಹಿಡಿದರೆ ಉಳಿದದ್ದು ಸುಮಾರು 1,200 ಯೂನಿಟ್. ಒಟ್ಟು ಬಳಕೆಯ ಶೇಕಡಾ 3. ಈಗ ನಿಮ್ಮ ಸ್ಟಾಕ್ ರಿಜಿಸ್ಟರ್ ತೆಗೆದು ಈ ಎರಡು ವರ್ಷದಲ್ಲಿ ಎಷ್ಟು ಎಸಿ ಕೊಂಡಿದ್ದೀರಿ ನೋಡಿ. ಒಂದೂವರೆ ಟನ್ನಿನ ಒಂದು ಎಸಿ ದಿನಕ್ಕೆ 6 ಗಂಟೆ ಓಡಿದರೆ ಹೆಚ್ಚೂಕಮ್ಮಿ 8 ಯೂನಿಟ್, ತಿಂಗಳಿಗೆ 170ರ ಆಸುಪಾಸು. ಹೊಸದಾಗಿ ಹತ್ತು ಎಸಿ ಬಂದಿದ್ದರೆ 900 ಎಲ್ಇಡಿ ಉಳಿಸಿದ್ದನ್ನೆಲ್ಲ ಅವು ತಿಂದು ಇನ್ನೂ ಕೇಳುತ್ತವೆ. ಜೊತೆಗೆ "ಎಲ್ಇಡಿ ತಾನೇ, ಏನು ಮಹಾ ಕರೆಂಟ್" ಅನ್ನುವ ಮಾತು ಬೇರೆ. ಚೋಕ್ ಕಾಲದಲ್ಲಿ ಆರಿಸುತ್ತಿದ್ದವರೂ ಈಗ ಆರಿಸುವುದಿಲ್ಲ.

"ದಯವಿಟ್ಟು ಲೈಟ್ ಆರಿಸಿ" ಅನ್ನುವ ಸ್ಟಿಕ್ಕರ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಕ್ಲಾಸ್‌ರೂಮಿನ ಸ್ವಿಚ್‌ಬೋರ್ಡ್‌ನಲ್ಲಿ ಹನ್ನೆರಡು ಸ್ವಿಚ್, ಯಾವುದು ಯಾವುದಕ್ಕೆ ಅಂತ ದೇವರಿಗೇ ಗೊತ್ತು, ಹಾಗಾಗಿ ಒಳಗೆ ಬಂದವರು ಅಂಗೈಯಿಂದ ಎಲ್ಲವನ್ನೂ ಒಟ್ಟಿಗೆ ಒತ್ತುತ್ತಾರೆ. ಸ್ವಿಚ್ ಪಕ್ಕ ಪೇಂಟ್‌ನಲ್ಲಿ ಲೈಟ್ 1, ಲೈಟ್ 2 ಅಂತ ಬರೆಸಿ, ಅದೇ ನಂಬರ್ ಸೀಲಿಂಗ್ ಮೇಲೂ ಬರೆಸಿ. ಕಿಟಕಿ ಕಡೆಯ ಸಾಲಿಗೆ ಬೇರೆ ಸ್ವಿಚ್ ಇರುವ ಹಾಗೆ ವೈರಿಂಗ್ ಬದಲಾಯಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಇನ್ನು ನಿಮ್ಮ ಬಿಲ್. ಅದರಲ್ಲಿ ಎರಡು ಬೇರೆ ಬೇರೆ ಬಿಲ್ ಇವೆ ಅಂತ ತಿಳಿಯಿರಿ. ಎನರ್ಜಿ ಚಾರ್ಜ್ ಅಂದರೆ ಎಷ್ಟು ಯೂನಿಟ್ ಓಡಿತು ಅನ್ನುವುದಕ್ಕೆ. ಡಿಮ್ಯಾಂಡ್ ಚಾರ್ಜ್ ಅಂದರೆ ತಿಂಗಳಲ್ಲಿ ಯಾವುದೋ ಒಂದು ಹೊತ್ತಿನಲ್ಲಿ, ಸಾಮಾನ್ಯವಾಗಿ 15 ನಿಮಿಷದ ಸರಾಸರಿ ಹಿಡಿದು, ನೀವು ಅತಿ ಜಾಸ್ತಿ ಎಷ್ಟು ಎಳೆದಿರಿ ಅನ್ನುವುದಕ್ಕೆ. ಅದೇ ಎಂಡಿ, ಮ್ಯಾಕ್ಸಿಮಮ್ ಡಿಮ್ಯಾಂಡ್. ಅದು ಕೆವಿಎ ಲೆಕ್ಕ. ಎಂಡಿ ಕಮ್ಮಿ ಬಂದರೂ ಕಾಂಟ್ರಾಕ್ಟ್ ಡಿಮ್ಯಾಂಡ್‌ನ ಇಂತಿಷ್ಟು ಪಾಲಿಗೆ ದುಡ್ಡು ಕಟ್ಟಲೇಬೇಕು, ಮೀರಿದರೆ ಮೀರಿದಷ್ಟಕ್ಕೆ ದಂಡದ ದರ. ತಿಂಗಳು ಪೂರ್ತಿ ಜಾಗ್ರತೆಯಾಗಿದ್ದು, ಒಂದು ಬುಧವಾರ ಹನ್ನೊಂದು ಗಂಟೆಗೆ ಎಲ್ಲ ಎಸಿ, ವರ್ಕ್‌ಶಾಪಿನ ಲೇಥ್, ಬೋರ್‌ವೆಲ್ ಮೋಟರ್ ಮೂರೂ ಒಟ್ಟಿಗೆ ಓಡಿದರೆ ಆ ತಿಂಗಳ ಡಿಮ್ಯಾಂಡ್ ಅಲ್ಲಿಗೆ ಬರೆದಾಯಿತು. ಬೋರ್‌ವೆಲ್ ಮೋಟರ್ ಹನ್ನೊಂದಕ್ಕೇ ಯಾಕೆ ಓಡಬೇಕು? ಪಂಪ್ ಆಪರೇಟರ್ ಕಾಫಿ ಕುಡಿದು ಬರುವ ಹೊತ್ತು ಅದು, ಅಷ್ಟೇ ಕಾರಣ. ಮಧ್ಯಾಹ್ನ ನಾಲ್ಕರ ಮೇಲೆ ಓಡಿಸಲು ಹೇಳಿ. ಬಿಲ್‌ನಲ್ಲಿ ಟಿಒಡಿ ಸಾಲು ಇದ್ದರೆ, ಅಂದರೆ ಹೊತ್ತಿಗೊಂದು ದರ ಇದ್ದರೆ, ಸಂಜೆ ಪೀಕ್ ಶುರುವಾಗುವ ಮುಂಚೆ ಮುಗಿಸಬೇಕು.

ಕೆವಿಎ ಅಂದಮೇಲೆ ಪವರ್ ಫ್ಯಾಕ್ಟರ್ ಬರುತ್ತದೆ. ಮೋಟರ್, ಚೋಕ್, ಎಸಿ ಕಂಪ್ರೆಸರ್ ಇವೆಲ್ಲ ಒಳಗೆ ಕಾಂತಶಕ್ತಿ ಹುಟ್ಟಿಸಲು ಒಂದಿಷ್ಟು ಕರೆಂಟನ್ನು ಸುಮ್ನೆ ತರಿಸಿ ವಾಪಸ್ ಕಳಿಸುತ್ತಿರುತ್ತವೆ. ಅದರಿಂದ ಕೆಲಸ ಆಗುವುದಿಲ್ಲ, ಆದರೆ ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ಅದನ್ನು ಹೊರಬೇಕು. ಕೆಲಸ ಮಾಡುವ ಕಿಲೋವ್ಯಾಟನ್ನು ಒಟ್ಟು ಹೊರುವ ಕೆವಿಎಯಿಂದ ಭಾಗಿಸಿದರೆ ಬರುವುದೇ ಪವರ್ ಫ್ಯಾಕ್ಟರ್, ಪಿಎಫ್. ನಿಮ್ಮ ನಿಜವಾದ ಲೋಡ್ 160 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳಿ. ಪಿಎಫ್ 0.82 ಇದ್ದರೆ ಮೀಟರ್ ತೋರಿಸುವುದು 195 ಕೆವಿಎ. ಇನ್ನು ನಾಲ್ಕು ಎಸಿ ಹಾಕಿದರೆ 200 ದಾಟಿತು. ಅದೇ ಲೋಡ್ 0.98ರಲ್ಲಿ 163 ಕೆವಿಎ. ಏನೂ ಆರಿಸದೆ 32 ಕೆವಿಎ ಕಮ್ಮಿ! ಎಚ್‌ಟಿ ಗ್ರಾಹಕರಿಗೆ 0.90ಕ್ಕಿಂತ ಕೆಳಗಿಳಿದರೆ ದಂಡವೂ ಇದೆ, ಬಿಲ್‌ನಲ್ಲಿ ಪಿಎಫ್ ಪೆನಾಲ್ಟಿ ಅಂತ ಒಂದು ಸಾಲು ಹುಡುಕಿ.

ಆ ಬಂದುಹೋಗುವ ಕರೆಂಟನ್ನು ಅಲ್ಲೇ ಒದಗಿಸಿ ಪಿಎಫ್ ಏರಿಸುವ ಕೆಪಾಸಿಟರ್ ಪ್ಯಾನಲ್ ನಿಮ್ಮ ಪ್ಯಾನಲ್ ರೂಮಿನಲ್ಲಿ ಖಂಡಿತ ಇರುತ್ತದೆ. ಅದು ಕೆಲಸ ಮಾಡುತ್ತಿದೆಯೇ ಅನ್ನುವುದು ಬೇರೆ ಪ್ರಶ್ನೆ. ನಾನು ನೋಡಿದ ಎಷ್ಟೋ ಕಡೆ ಬಾಗಿಲ ಮೇಲೆ ಆಟೋ ಅಂತ ಹಸಿರು ದೀಪ ಉರಿಯುತ್ತಿರುತ್ತದೆ, ಒಳಗೆ ಅರ್ಧ ಕೆಪಾಸಿಟರ್‌ಗಳ ಫ್ಯೂಸ್ ಕಿತ್ತು ಮೂಲೆಯಲ್ಲಿ ಇಟ್ಟಿರುತ್ತಾರೆ. ಒಂದಾದರೂ ಹೊಟ್ಟೆ ಉಬ್ಬಿಸಿಕೊಂಡು ನಿಂತಿರುತ್ತದೆ. ಎಲೆಕ್ಟ್ರಿಷಿಯನ್‌ಗೆ ಕ್ಲಾಂಪ್ ಮೀಟರ್ ಕೊಟ್ಟು ಒಂದೊಂದೇ ಕೆಪಾಸಿಟರ್ ಎಷ್ಟು ಆಂಪಿಯರ್ ತಗೊಳ್ಳುತ್ತಿದೆ ಅಂತ ಬರೆಸಿ. ತಗೊಳ್ಳದೇ ಇರುವುದನ್ನು ಬದಲಾಯಿಸಿ. ಅಷ್ಟು ಖರ್ಚಿಗೆ ಅಷ್ಟು ಬೇಗ ದುಡ್ಡು ವಾಪಸ್ ಬರುವ ಕೆಲಸ ಇಡೀ ಕ್ಯಾಂಪಸ್‌ನಲ್ಲಿ ಇನ್ನೊಂದಿಲ್ಲ. ಇಲ್ಲಿ ಉಳಿಸಿದ ಕೆವಿಎದಲ್ಲಿ ನಿಮ್ಮ ಹೊಸ ಲೈಬ್ರರಿಯ ಲೋಡೇ ಕೂರಬಹುದು, ಕಾಂಟ್ರಾಕ್ಟ್ ಡಿಮ್ಯಾಂಡ್ ಜಾಸ್ತಿ ಮಾಡಿಸುವ ಓಡಾಟವೇ ತಪ್ಪುತ್ತದೆ.

ಈಗ ಸೋಲಾರ್. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ತಿಂಗಳಿಗೆ 120. 150 ಕಿಲೋವ್ಯಾಟ್‌ಗೆ 18 ಸಾವಿರ. ನಿಮ್ಮ ಬಳಕೆ 38 ಸಾವಿರ. ಹಾಗಿದ್ದಾಗ ಬಿಲ್ ಸೊನ್ನೆ ಆಗುವುದು ಹೇಗೆ, ಅವರನ್ನೇ ಕೇಳಿ. ಡಿಮ್ಯಾಂಡ್ ಚಾರ್ಜ್ ಅಂತೂ ಹೋಗುವುದಿಲ್ಲ. ತಿಂಗಳಲ್ಲಿ ಒಂದು ದಿನ ಮೋಡ ಮುಚ್ಚಿ ಮಳೆ ಹಿಡಿದರೂ ಆ ಹೊತ್ತಿನ ಲೋಡ್ ಪೂರ್ತಿ ಗ್ರಿಡ್‌ನಿಂದಲೇ ಬರುತ್ತದೆ, ಎಂಡಿ ಮತ್ತೆ ಮೇಲೆ ಕೂರುತ್ತದೆ.

ಸೋಲಾರ್ ಹಾಕಿಸಿದವರು ಮೊದಲ ಬಿಲ್ ನೋಡಿ ಗಾಬರಿಯಾಗುವ ಇನ್ನೊಂದು ವಿಷಯ ಇದೆ. ಪ್ಯಾನಲ್ ಸಾಮಾನ್ಯವಾಗಿ ಕೊಡುವುದು ಕಿಲೋವ್ಯಾಟ್ ಮಾತ್ರ. ಮೋಟರ್‌ಗಳಿಗೆ ಬೇಕಾದ ಆ ಬಂದುಹೋಗುವ ಕರೆಂಟ್ ಇನ್ನೂ ಗ್ರಿಡ್‌ನಿಂದಲೇ ಬರಬೇಕು. 100 ಕಿಲೋವ್ಯಾಟ್ ಲೋಡ್, ಪಿಎಫ್ 0.95 ಅಂದರೆ ಆ ಕರೆಂಟ್ 33 ಕೆವಿಎಆರ್ (ಅದನ್ನು ಅಳೆಯುವ ಮಾನ) ಇರುತ್ತದೆ. ಸೋಲಾರ್ 70 ಕಿಲೋವ್ಯಾಟ್ ಕೊಟ್ಟಿತು ಅನ್ನಿ. ಗ್ರಿಡ್‌ನಿಂದ ಈಗ 30 ಕಿಲೋವ್ಯಾಟ್, ಆದರೆ ಕೆವಿಎಆರ್ ಅದೇ 33. ಮೀಟರ್ ಕಣ್ಣಿಗೆ ನಿಮ್ಮ ಪಿಎಫ್ 0.67! ಒಳಗೆ ಏನೂ ಕೆಟ್ಟಿಲ್ಲ, ಆದರೂ ದಂಡ. ಇನ್ವರ್ಟರ್ ಸೆಟ್ಟಿಂಗ್‌ನಲ್ಲಿ ಅಥವಾ ಕೆಪಾಸಿಟರ್ ಪ್ಯಾನಲ್‌ನಲ್ಲಿ ಇದನ್ನು ಸರಿಮಾಡಬಹುದು, ಕಷ್ಟವಿಲ್ಲ. ಆದರೆ ಕೊಟೇಶನ್ ಹಂತದಲ್ಲೇ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಅದು ನಮ್ಮ ಕೆಲಸ ಅಲ್ಲ ಅನ್ನುತ್ತಾರೆ.

ಕಾಲೇಜಿಗೆ ಇನ್ನೂ ಒಂದು ತೊಡಕು. ಬಿಸಿಲು ಚೆನ್ನಾಗಿರುವ ಏಪ್ರಿಲ್, ಮೇ ನಿಮಗೆ ರಜೆ. ಭಾನುವಾರವೂ ರಜೆ. ಆಗ ಉಳಿದ ಯೂನಿಟ್ ಗ್ರಿಡ್‌ಗೆ ಹೋಗುತ್ತದೆ, ಅದಕ್ಕೆ ಯಾವ ದರ, ಯಾವ ಅವಧಿಗೆ ಲೆಕ್ಕ ಚುಕ್ತಾ ಅನ್ನುವುದನ್ನು ಒಪ್ಪಂದದಲ್ಲಿ ಓದಿ. ಎಲ್ಲಕ್ಕಿಂತ ದೊಡ್ಡ ಮಾತು ಇದು: ಹಗಲು ರಾತ್ರಿ ಓಡುವ ಆ ಉದಾಹರಣೆಯ 12,960 ಯೂನಿಟ್‌ನಲ್ಲಿ ನೀವು ಅರ್ಧ ನಿಲ್ಲಿಸಿದರೂ ಅದು 54 ಕಿಲೋವ್ಯಾಟ್ ಸೋಲಾರ್‌ಗೆ ಸಮ. 54 ಕಿಲೋವ್ಯಾಟ್‌ಗೆ ಅವರು ಎಷ್ಟು ಲಕ್ಷ ಬರೆದಿದ್ದಾರೆ, ನಿಮ್ಮ ಕೊಟೇಶನ್‌ನಲ್ಲೇ ನೋಡಿ. ಪಾಚಿ ಹಿಡಿದ ಗೋಡೆಯ ಮೇಲೆ ಸುರಿಯುವ ನೀರನ್ನು ಮೇಲೆತ್ತಲು ಯಾರಾದರೂ ಸೋಲಾರ್ ಪ್ಯಾನಲ್ ಕೊಳ್ಳುತ್ತಾರಾ?

ಹಾಸ್ಟೆಲ್‌ಗೆ ಬನ್ನಿ, ಅಲ್ಲಿ ದುಡ್ಡು ಹಾಕಿದರೆ ಸಾರ್ಥಕ. ಒಂದೇ ಫ್ಯಾನಿನ ಲೆಕ್ಕ ಎರಡು ಜಾಗದಲ್ಲಿ ಹೇಗೆ ಬದಲಾಗುತ್ತದೆ ನೋಡಿ. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್, ಕಮ್ಮಿ ಕರೆಂಟಿನ ಹೊಸ ಬಗೆ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30. ಕ್ಲಾಸ್‌ರೂಮಿನಲ್ಲಿ ದಿನಕ್ಕೆ 6 ಗಂಟೆ, ತಿಂಗಳಿಗೆ 22 ದಿನದಂತೆ ವರ್ಷಕ್ಕೆ ಒಂಬತ್ತು ತಿಂಗಳು ಓಡಿದರೆ ಉಳಿಯುವುದು ವರ್ಷಕ್ಕೆ 53 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 424 ರೂಪಾಯಿ. ಫ್ಯಾನಿಗೆ 3,000 ಕೊಟ್ಟರೆ ಏಳು ವರ್ಷ ಬೇಕು. ಅದೇ ಫ್ಯಾನ್ ಹಾಸ್ಟೆಲ್ ಕೋಣೆಯಲ್ಲಿ ದಿನಕ್ಕೆ 14 ಗಂಟೆ, ಹತ್ತು ತಿಂಗಳು ಓಡುತ್ತದೆ. ಉಳಿತಾಯ 189 ಯೂನಿಟ್, 1,500 ರೂಪಾಯಿ. ಎರಡೇ ವರ್ಷ. ಹಾಗಾಗಿ ಕ್ಲಾಸ್‌ರೂಮಿನ ಫ್ಯಾನ್ ಕೆಟ್ಟಾಗ ಬದಲಾಯಿಸಿ, ಹಾಸ್ಟೆಲ್‌ನದ್ದು ಈಗಲೇ ಬದಲಾಯಿಸಿ. ಕೊಳ್ಳುವಾಗ ರಿಮೋಟ್ ಮಾಡೆಲ್ ತಗೊಳ್ಳಬೇಡಿ. ಮೊದಲ ಸೆಮಿಸ್ಟರ್‌ನಲ್ಲೇ ರಿಮೋಟ್ ಮಾಯ. ಗೋಡೆಯ ರೆಗ್ಯುಲೇಟರ್‌ಗೆ ಹೊಂದುವ ಮಾಡೆಲ್ ಕೇಳಿ, ಇಲ್ಲವಾದರೆ ಹಳೇ ರೆಗ್ಯುಲೇಟರ್ ತೆಗೆಸಿ ಡೈರೆಕ್ಟ್ ಕೊಡಿಸಬೇಕು.

ಬಿಸಿನೀರು ಹಾಸ್ಟೆಲ್‌ನ ಇನ್ನೊಂದು ದೊಡ್ಡ ಬಾಯಿ. ಒಬ್ಬರಿಗೆ 20 ಲೀಟರ್, 30 ಡಿಗ್ರಿ ಏರಿಸಲು 0.7 ಯೂನಿಟ್. 200 ಜನಕ್ಕೆ ದಿನಕ್ಕೆ 140, ತಿಂಗಳಿಗೆ 4,200 ಯೂನಿಟ್. ಛಾವಣಿ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ ಅಂತ ನೆಮ್ಮದಿಯಾಗಿದ್ದೀರಾ? ಹತ್ತಿ ನೋಡಿ. ಅದರ ಟ್ಯಾಂಕಿನಲ್ಲಿ ಮೋಡದ ದಿನಕ್ಕೆ ಅಂತ ಒಂದು ಎಲೆಕ್ಟ್ರಿಕ್ ಕಾಯಿಲ್ ಇರುತ್ತದೆ. ಅದರ ಸ್ವಿಚ್ ವರ್ಷಪೂರ್ತಿ ಆನ್. ಹುಡುಗರು ಬೆಳಿಗ್ಗೆ ಸ್ನಾನ ಮುಗಿಸುತ್ತಾರೆ, ಟ್ಯಾಂಕಿಗೆ ತಣ್ಣೀರು ಬರುತ್ತದೆ, ಬಿಸಿಲು ಏರುವ ಮೊದಲೇ ಕಾಯಿಲ್ ಅದನ್ನು ಕಾಯಿಸಿ ಮುಗಿಸಿರುತ್ತದೆ. ಸೂರ್ಯನಿಗೆ ಕೆಲಸವೇ ಇಲ್ಲ. ಕಾಯಿಲ್‌ಗೆ ಟೈಮರ್ ಹಾಕಿ ಬೆಳಗಿನ ಜಾವ ಒಂದೆರಡು ಗಂಟೆ ಮಾತ್ರ ಬಿಡಿ, ಅದೂ ಹಿಂದಿನ ದಿನ ಮಳೆ ಇದ್ದರೆ. ಗೀಸರ್‌ಗಳೇ ಇದ್ದರೆ ಹೀಟ್ ಪಂಪ್ ಬಗ್ಗೆ ವಿಚಾರಿಸಿ, ಅಷ್ಟೇ ನೀರಿಗೆ ಅದು ಸುಮಾರು ಮೂರನೇ ಒಂದು ಪಾಲು ಕರೆಂಟ್ ತಗೊಳ್ಳುತ್ತದೆ.

ಎಸಿ ಬಗ್ಗೆ ಎರಡೇ ಮಾತು. 2020ರ ಜನವರಿಯಿಂದ ಸ್ಟಾರ್ ಲೇಬಲ್‌ನ ರೂಮ್ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಗೇ ನಿಲ್ಲಬೇಕು ಅಂತ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6 ಉಳಿತಾಯ ಅನ್ನುವುದು ಬಿಇಇ, ಅಂದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಹೇಳುವ ಲೆಕ್ಕ. ಹಳೇ ಎಸಿಗಳಲ್ಲಿ 18 ಒತ್ತಿದರೆ ಕೋಣೆ ಬೇಗ ತಣ್ಣಗಾಗುವುದೂ ಇಲ್ಲ, ಕಂಪ್ರೆಸರ್ ಅದೇ ವೇಗದಲ್ಲಿ ಓಡುತ್ತದೆ, ಸುಮ್ನೆ ಜಾಸ್ತಿ ಹೊತ್ತು ಓಡುತ್ತದೆ. 26ಕ್ಕೆ ಇಟ್ಟು ಫ್ಯಾನ್ ಹಾಕಿ. ಲ್ಯಾಬಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತವರನ್ನು ನಾನು ಮೇ ತಿಂಗಳಲ್ಲೂ ನೋಡಿದ್ದೇನೆ.

ಮೇಲಿನ ಮಹಡಿಗೆ ಎಸಿ ಬೇಕೇ ಬೇಕು ಅಂತ ಕೇಳುತ್ತಿದ್ದಾರಾ? ಅವರ ತಪ್ಪಲ್ಲ, ತಲೆ ಮೇಲೆ ಕಾದ ಆರ್‌ಸಿಸಿ ಹೆಂಚಿನ ಹಾಗೆ ಇರುತ್ತದೆ. ಆದರೆ ಅದಕ್ಕೆ ಮೊದಲ ಮದ್ದು ಛಾವಣಿಗೆ ಬಿಳಿ ಬಣ್ಣ. ಸುಣ್ಣಕ್ಕೆ ಸ್ವಲ್ಪ ಅಂಟು ಸೇರಿಸಿ ಹೊಡೆದರೂ ನಡೆಯುತ್ತದೆ, ಮಳೆಗಾಲಕ್ಕೆ ಹೋಗುತ್ತದೆ ಅಷ್ಟೇ. ಪಕ್ಕದ ತೆಲಂಗಾಣ 2023ರಲ್ಲಿ ಇಂಥ ತಂಪು ಛಾವಣಿಗೆ ಅಂತಲೇ ಒಂದು ನೀತಿ ತಂದಿದೆ. ನಂಬಿಕೆ ಇಲ್ಲದಿದ್ದರೆ ಪರೀಕ್ಷೆ ಮಾಡಿ. ಹೈದರಾಬಾದಿನ ಕ್ಯಾಂಪಸ್‌ನಲ್ಲಿ ಇನ್ಫೋಸಿಸ್ 2011ರ ಹೊತ್ತಿಗೆ ಹೀಗೇ ಮಾಡಿತ್ತು. ಒಂದೇ ಕಟ್ಟಡವನ್ನು ಎರಡು ಭಾಗ ಮಾಡಿ, ಅರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ಕಾಂಕ್ರೀಟಿನೊಳಗೆ ಪೈಪ್ ಇಟ್ಟು ತಣ್ಣೀರು ಹರಿಸುವ ವ್ಯವಸ್ಥೆ. ಎರಡಕ್ಕೂ ಮೀಟರ್. ತಣ್ಣೀರಿನ ಕಡೆ ಮೂರನೇ ಒಂದು ಪಾಲಿನಷ್ಟು ಕಮ್ಮಿ ಕರೆಂಟ್ ಹೋಯಿತು, ವಾದ ಮುಗಿಯಿತು. ನೀವು ಅಷ್ಟು ದೊಡ್ಡದಾಗಿ ಮಾಡಬೇಕಿಲ್ಲ. ಮೇಲಿನ ಮಹಡಿಯಲ್ಲಿ ಒಂದೇ ಅಳತೆಯ ಎರಡು ಕ್ಲಾಸ್‌ರೂಮ್ ಆರಿಸಿ, ಒಂದರ ಛಾವಣಿಗೆ ಮಾತ್ರ ಬಿಳಿ ಹೊಡೆಸಿ, ಎರಡರಲ್ಲೂ ಒಂದೊಂದು ಥರ್ಮಾಮೀಟರ್ ತೂಗುಹಾಕಿ. ಮಾರ್ಚ್‌ನಲ್ಲಿ ಎರಡು ವಾರ ಮಧ್ಯಾಹ್ನ 3ಕ್ಕೆ ಹುಡುಗರ ಕೈಲಿ ಬರೆಸಿ. ಒಳ್ಳೆಯ ಪ್ರಾಜೆಕ್ಟ್ ಕೂಡ ಆಗುತ್ತದೆ.

ಕೊನೆಗೆ ಆ ಗಾಜಿನ ಲೈಬ್ರರಿ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ, ಕ್ಷಮಿಸಿ. ಗಾಜಿನ ಮುಂಭಾಗ ಯಾವ ದಿಕ್ಕಿಗೆ ಅಂತ ನೀವು ಬರೆದಿಲ್ಲ. ಪಶ್ಚಿಮಕ್ಕಾದರೆ ದಯವಿಟ್ಟು ನಕ್ಷೆ ವಾಪಸ್ ಕಳಿಸಿ. ನಮ್ಮ ಕರ್ನಾಟಕದಲ್ಲಿ ಸೂರ್ಯ ನೆತ್ತಿ ಮೇಲೆಯೇ ಓಡಾಡುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ಶೂನ್ಯ ನೆರಳಿನ ದಿನ ಬರುತ್ತದಲ್ಲ, ಅದೇ ಇದು. ಆ ಎರಡು ದಿನದ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಉತ್ತರ, ದಕ್ಷಿಣದ ಕಿಟಕಿಗೆ ಒಂದೆರಡು ಅಡಿ ಸಜ್ಜಾ ಕೊಟ್ಟರೆ ಮಧ್ಯಾಹ್ನದ ಬಿಸಿಲು ಒಳಗೆ ಬರುವುದು ಬಹಳ ಕಮ್ಮಿಯಾಗುತ್ತದೆ. ಪೂರ್ವ, ಪಶ್ಚಿಮಕ್ಕೆ ಬಿಸಿಲು ಅಡ್ಡಡ್ಡ ಬರುತ್ತದೆ, ಯಾವ ಸಜ್ಜಾವೂ ತಡೆಯುವುದಿಲ್ಲ. ಆಮೇಲೆ ಓದುವವರ ಕಣ್ಣಿಗೆ ಹೊಡೆಯುತ್ತದೆ ಅಂತ ಒಳಗಿನಿಂದ ದಪ್ಪ ಪರದೆ ಎಳೆಯುತ್ತೀರಿ, ಕತ್ತಲಾಯಿತು ಅಂತ ಹಗಲಲ್ಲಿ ಲೈಟ್ ಹಾಕುತ್ತೀರಿ, ಸೆಖೆ ಅಂತ ಎಸಿ ಹಾಕುತ್ತೀರಿ. ಗಾಜಿಗೆ ಕೊಟ್ಟ ದುಡ್ಡು ಯಾಕೆ ಅಲ್ವಾ?

ದೊಡ್ಡ ಕಟ್ಟಡಗಳಿಗೆ ಇಸಿಬಿಸಿ ಅಂತ ಕೇಂದ್ರದ ಇಂಧನ ಸಂಹಿತೆ 2007ರಲ್ಲೇ ಬಂದಿದೆ, 2017ರಲ್ಲಿ ಪರಿಷ್ಕರಣೆಯಾಯಿತು. 100 ಕಿಲೋವ್ಯಾಟ್ ಕನೆಕ್ಟೆಡ್ ಲೋಡ್ ಅಥವಾ 120 ಕೆವಿಎ ಕಾಂಟ್ರಾಕ್ಟ್ ಡಿಮ್ಯಾಂಡ್ ಇರುವ ಕಟ್ಟಡಗಳಿಗೆ ಅಂತ ಮಾಡಿದ್ದು. 2017ರ ಸಂಹಿತೆಯ ನೇರ ದಾರಿಯಲ್ಲಿ, ಅಂದರೆ ಅದು ಪಟ್ಟಿ ಮಾಡಿದ ಮಿತಿಗಳನ್ನೇ ಪಾಲಿಸುವ ದಾರಿಯಲ್ಲಿ, ಗೋಡೆಯ ಒಟ್ಟು ವಿಸ್ತೀರ್ಣದಲ್ಲಿ ಗಾಜು ಶೇಕಡಾ 40 ಮೀರುವ ಹಾಗಿರಲಿಲ್ಲ. ಇದು ಈಗ ನಿಮ್ಮ ಬ್ಲಾಕ್‌ಗೆ ಅನ್ವಯಿಸುತ್ತದೆಯೇ ಅಂತ ಆರ್ಕಿಟೆಕ್ಟ್ ಹತ್ತಿರ ಕೇಳಿ. ಅನ್ವಯಿಸದಿದ್ದರೂ ಆ 40ನ್ನು ಹಿಡಿದುಕೊಳ್ಳಿ.

ಒಮ್ಮೆ ನಿಮ್ಮ ಆರ್ಕಿಟೆಕ್ಟ್ ಜೊತೆ ಬೆಂಗಳೂರಿನ ದೊಮ್ಮಲೂರಿಗೆ ಹೋಗಿ, ಇಂಧನದ ಬಗ್ಗೆ ಸಂಶೋಧನೆ ಮಾಡುವ ಟೆರಿ ಸಂಸ್ಥೆಯ ಕಟ್ಟಡ ನೋಡಿ ಬನ್ನಿ. ಆರ್ಕಿಟೆಕ್ಟ್ ಸಂಜಯ್ ಮೋಹೆ ವಿನ್ಯಾಸ ಮಾಡಿದ್ದು. ಅಲ್ಲಿ ದಕ್ಷಿಣಕ್ಕೆ ಗಬ್ಬು ನಾರುವ ಚರಂಡಿ ಇತ್ತು, ಆ ಕಡೆಯಿಂದ ಗಾಳಿ ತಗೊಳ್ಳುವ ಹಾಗಿರಲಿಲ್ಲ. ಅದಕ್ಕೆ ಆ ಕಡೆ ಗೋಡೆ ಮುಚ್ಚಿ, ಹೊರಗೆ ಕರೀ ಕಡಪ ಕಲ್ಲು ನಿಲ್ಲಿಸಿ, ನಡುವೆ ಸಂದು ಬಿಟ್ಟರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಸಂದಿನ ಗಾಳಿ ಬಿಸಿಯಾಗಿ ಮೇಲೆ ಹೋಗುತ್ತದೆ, ಅದರ ಜಾಗಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಕಟ್ಟಡದೊಳಗೆ ಹರಿದು ಬರುತ್ತದೆ. ಹಳ್ಳಿ ಮನೆಯ ಹೊಗೆಗೂಡಿನ ತತ್ವವೇ, ಬೇರೇನಲ್ಲ. ನಿಮ್ಮ ಜಾಗದಲ್ಲಿ ಅಂಥ ಚರಂಡಿ ಇಲ್ಲದಿದ್ದರೆ ಇನ್ನೂ ಸುಲಭ. ಲೈಬ್ರರಿಯ ಓದುವ ಹಾಲ್ ಉತ್ತರಕ್ಕೆ, ಪುಸ್ತಕದ ರ್‍ಯಾಕ್, ಮೆಟ್ಟಿಲು, ಟಾಯ್ಲೆಟ್ ಪಶ್ಚಿಮಕ್ಕೆ ಬರುವ ಹಾಗೆ ಒಂದು ನಕ್ಷೆ ಬರೆಯಲು ಹೇಳಿ ನೋಡಿ.

ಸೋಮವಾರ ಆ ನಾಲ್ಕು ಮೀಟರ್ ಫೋಟೋ, ಕಳೆದ 12 ತಿಂಗಳ ಬಿಲ್, ಲೈಬ್ರರಿ ನಕ್ಷೆ ಮೂರನ್ನೂ ಕಳಿಸಿ. ಮೇ ತಿಂಗಳ ಬಿಲ್ ಬಿಡಬೇಡಿ, ರಜೆಯಲ್ಲಿ ಎಷ್ಟು ಓಡಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಸೋಲಾರ್ 150 ಬೇಕೋ 60 ಸಾಕೋ ಅಂತ ಆಮೇಲೆ ಲೆಕ್ಕ ಹಾಕೋಣ.